ಒಂಬತ್ತು ಸೆಕೆಂಡು

ಫೆಬ್ರುವರಿ 11

ಕತ್ತರಿಗೆ,

ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಯಾರೆಂದು ಗೊತ್ತಾಗಿರುತ್ತದೆ. ಒಡೆಯದೆ ಮೂಲೆಗೆ ಎಸೆದುಬಿಡೋಣ ಎಂದೂ ಅನ್ನಿಸಿರುತ್ತದೆ. ಒಡೆದಿದ್ದೀಯಲ್ಲ, ಹಾಗಾದರೆ ಮುಂದೆ ಓದು. ಹನ್ನೊಂದು ವರ್ಷದ ಮೇಲೆ ಬರೆಯುತ್ತಿರುವುದು ಕುಶಲ ವಿಚಾರಿಸಲು ಅಲ್ಲ. ಕೆಲಸವಿದೆ.

ನನ್ನ ಗಂಟಲಲ್ಲಿ ಗಡ್ಡೆಯಾಗಿದೆ. ಮೇ ಎರಡನೆಯ ತಾರೀಕು ಆಪರೇಷನ್. ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆಯುತ್ತಾರಂತೆ. ಪ್ರಾಣಕ್ಕೇನೂ ಭಯವಿಲ್ಲ ಎಂದು ಡಾಕ್ಟರು ನಾಲ್ಕು ಸಲ ಹೇಳಿದರು. ಮಾತು ಅಲ್ಲಿಗೆ ಮುಗಿಯಿತು ಎಂಬುದನ್ನು ಒಂದೇ ಸಲ, ಅದೂ ಕೈಯಲ್ಲಿದ್ದ ಕಾಗದ ನೋಡಿಕೊಂಡು ಹೇಳಿದರು. ಇಪ್ಪತ್ತೆಂಟು ವರ್ಷ ರೇಡಿಯೋದಲ್ಲಿ ಬೆಳಗಿನ ಕಾರ್ಯಕ್ರಮ ಓದಿದವಳು ನಾನು. ಕೇಂದ್ರದಲ್ಲಿ ನೀವೆಲ್ಲ ಸೇರಿ ನನಗೆ ‘ಗಂಟಲು’ ಎಂದು ಹೆಸರಿಟ್ಟಿರಿ. ನಗು ಬಂದರೆ ನಗು, ನಾನೇನೂ ಅಂದುಕೊಳ್ಳುವುದಿಲ್ಲ.

ಆಸ್ಪತ್ರೆಯಲ್ಲಿ ಮಾತಿನ ಚಿಕಿತ್ಸೆ ನೋಡುವ ಡಾಕ್ಟರಮ್ಮ ಒಂದು ದಾರಿ ತೋರಿಸಿದ್ದಾಳೆ. ದಿನಬಳಕೆಯ ಮುನ್ನೂರು ವಾಕ್ಯಗಳನ್ನು ಈಗಲೇ ನನ್ನ ದನಿಯಲ್ಲಿ ರೆಕಾರ್ಡ್ ಮಾಡಿ ಕೊಟ್ಟರೆ ಅವನ್ನು ಒಂದು ಪುಟ್ಟ ಯಂತ್ರಕ್ಕೆ ತುಂಬುತ್ತಾಳೆ. ಆಮೇಲೆ ಬೇಕಾದ ವಾಕ್ಯ ಒತ್ತಿದರೆ ಅದು ನನ್ನ ಬದಲು ಮಾತಾಡುತ್ತದೆ. ‘ಇಲ್ಲದಿದ್ರೆ ಯಂತ್ರದ್ದೇ ಒಂದು ದನಿ ಇದೆ, ಅದನ್ನೇ ಹಾಕ್ಕೊಡ್ತೀನಿ’ ಅಂದಳು. ಕೇಳಿಸಿದಳು ಕೂಡ. ಡಬ್ಬಿಯೊಳಗೆ ಕೂತು ಯಾರೋ ಮಗ್ಗಿ ಒಪ್ಪಿಸಿದ ಹಾಗಿತ್ತು. ‘ಬೇಡಮ್ಮ, ನಂದೇ ಮಾಡ್ಕೊಂಡು ಬರ್ತೀನಿ’ ಅಂದೆ.

ಅಂದುಬಿಟ್ಟೆ. ಮೈಕಿನ ಮುಂದೆ ಕೂತು ಓದುವುದು ಬಿಟ್ಟರೆ ನನಗೇನು ಬರುತ್ತದೆ ಹೇಳು? ಗಾಜಿನ ಆ ಕಡೆ ಕೂತು ರೆಕಾರ್ಡ್ ಮಾಡುವುದು, ಕತ್ತರಿಸಿ ಜೋಡಿಸುವುದು ಎಲ್ಲ ನಿನ್ನ ಕೆಲಸವಾಗಿತ್ತು. ಅಂಗಡಿಗೆ ಹೋಗಿ, ಮನೆಯಲ್ಲೇ ಎಡಿಟ್ ಮಾಡಲು ಕಂಪ್ಯೂಟರಿಗೆ ಜೋಡಿಸುವ ಕಂಟ್ರೋಲರ್ ಬೇಕು ಅಂದೆ. ಒಂದರಲ್ಲಿ ಸದ್ದು ಏರಿಸಿ ಇಳಿಸಲು ಎಂಟು ಫೇಡರು, ಒಂದರಲ್ಲಿ ಒಂದೇ ಫೇಡರು, ಇನ್ನೊಂದರಲ್ಲಿ ಬರೀ ಚಕ್ರ. ‘ಮಾಸ್ಟರಿಂಗ್‌ಗೆ ಯಾವ ಸಾಫ್ಟ್‌ವೇರ್ ಯೂಸ್ ಮಾಡ್ತೀರ ಮೇಡಂ?’ ಎಂದು ಅಂಗಡಿಯವನು ಕೇಳಿದ. ಮೀಟಿಂಗ್ ಇದೆ ಎಂದು ಸುಳ್ಳು ಹೇಳಿ ಮನೆಗೆ ಬಂದುಬಿಟ್ಟೆ.

ಯಾವುದನ್ನು ಕೊಳ್ಳಲಿ? ಯಾವ ಸಾಫ್ಟ್‌ವೇರ್ ಹಾಕಲಿ? ಫೋನ್ ಮಾಡಬೇಡ. ಇರುವ ದನಿಯನ್ನು ರೆಕಾರ್ಡಿಂಗಿಗೆ ಮಾತ್ರ ಉಳಿಸಿಕೊಳ್ಳಬೇಕೆಂದು ಡಾಕ್ಟರ ಕಟ್ಟಪ್ಪಣೆ. ಕಾಗದ ಬರಿ. ಹಳೆಯ ವಿಷಯ ಮಾತ್ರ ಬರೆಯಬೇಡ.

ಇಷ್ಟೇ.
ಗಂಟಲು


ಫೆಬ್ರುವರಿ 19

ಗಂಟಲಿಗೆ,

ಕಾಗದ ತಲುಪಿತು. ಕೆಲಸದ ವಿಷಯವನ್ನಷ್ಟೇ ಬರೆಯುತ್ತೇನೆ.

ಚಕ್ರವಿರುವ ಕಂಟ್ರೋಲರ್ ತೆಗೆದುಕೋ. ಎಂಟು ಫೇಡರು ಇರುವುದು ಎಂಟು ದನಿ ಬೆರೆಸುವವರಿಗೆ. ನಿನ್ನದು ಒಂದೇ ದನಿ, ಒಂದೇ ಮೈಕು. ಮಿಕ್ಕ ಏಳರ ಮೇಲೆ ಏನು ಬಟ್ಟೆ ಒಣಹಾಕುತ್ತೀಯಾ? ಚಕ್ರದ ಕೆಲಸ ಬೇರೆ. ಟೇಪಿನ ಕಾಲದಲ್ಲಿ ನಾನು ಎರಡು ಕೈಯಲ್ಲೂ ಸ್ಪೂಲು ಹಿಡಿದು ಹಿಂದೆ ಮುಂದೆ ತೂಗಿ, ಮಾತು ಶುರುವಾಗುವ ಜಾಗ ಹುಡುಕಿ ಬ್ಲೇಡು ಹಾಕುತ್ತಿದ್ದೆನಲ್ಲ, ಅದನ್ನೇ ಈ ಚಕ್ರ ಮಾಡುತ್ತದೆ. ಬೆರಳ ತುದಿಯಲ್ಲಿ ತಿರುಗಿಸಿದರೆ ದನಿ ನಿಧಾನವಾಗಿ ಉರುಳುತ್ತದೆ. ಉಸಿರು ಎಲ್ಲಿ ಮುಗಿಯಿತು, ಮಾತು ಎಲ್ಲಿ ಹುಟ್ಟಿತು ಎಂಬುದು ಬೆರಳಿಗೇ ಗೊತ್ತಾಗುತ್ತದೆ.

ಮಾಸ್ಟರಿಂಗ್ ಎಂದ ಕೂಡಲೇ ಹೆದರಬೇಡ. ನಿನ್ನ ಮುನ್ನೂರು ವಾಕ್ಯವೂ ಒಂದೇ ಮಟ್ಟದಲ್ಲಿ ಕೇಳಿಸಬೇಕು. ‘ನೀರು ಕೊಡಿ’ ಪಿಸುಗುಟ್ಟಿ ‘ಬೇಡ’ ಕಿರುಚಿಕೊಂಡರೆ ಆಗುವುದಿಲ್ಲ. ಸದ್ದಿನ ಮಟ್ಟ ತೋರಿಸುವ ಮೀಟರು ಸರಿಯಾಗಿರುವ, ಎಲ್ಲವನ್ನೂ ಕೈಯಿಂದಲೇ ಮಾಡಬೇಕಾದ ಸಾದಾ ಸಾಫ್ಟ್‌ವೇರ್ ನಿನಗೆ ಸಾಕು. ಒಂದು ಗುಂಡಿ ಒತ್ತಿ ಮಿಕ್ಕದ್ದು ನನಗೆ ಬಿಡಿ ಎನ್ನುವಂಥದ್ದನ್ನು ಹತ್ತಿರ ಸೇರಿಸಬೇಡ. ಅದಕ್ಕೆ ಕಣ್ಣಿದೆ, ಕಿವಿಯಿಲ್ಲ.

ಬಟ್ಟೆಯ ಬೀರುವಿನ ಬಾಗಿಲು ತೆರೆದಿಟ್ಟು ಅದರ ಕಡೆಗೆ ಮುಖಮಾಡಿ ಓದು, ಗೋಡೆಯ ಮರುದನಿ ಬರುವುದಿಲ್ಲ. ರೆಕಾರ್ಡರನ್ನು ನಡುನಡುವೆ ನಿಲ್ಲಿಸಬೇಡ. ನಮ್ಮ ಪದ್ಧತಿ ಮರೆತಿಲ್ಲ ತಾನೇ? ಕೂತಲ್ಲಿಂದ ಏಳುವವರೆಗೆ ಅದು ಓಡುತ್ತಲೇ ಇರಬೇಕು.

ಬಿಸಿನೀರು ಕುಡಿ.

ಕತ್ತರಿ


ಮಾರ್ಚ್ 3

ಕತ್ತರಿ,

ಬೈಯಬೇಡ. ಎಂಟು ಫೇಡರಿನದನ್ನೇ ತಂದೆ.

ಚಕ್ರದ್ದನ್ನು ತರಬೇಕೆಂದೇ ಹೋಗಿದ್ದೆ. ಅಂಗಡಿಯವನು ಸುಮ್ಮನಿರದೆ ಇದನ್ನು ಕಂಪ್ಯೂಟರಿಗೆ ಜೋಡಿಸಿ ಒಂದು ಹಾಡು ಹಾಕಿದ. ಫೇಡರುಗಳಿಗೆ ಮೋಟಾರು ಇದೆ ಕಣೇ! ಯಾರೂ ಮುಟ್ಟದೆ ತಾವಾಗಿ ಏಳುತ್ತವೆ, ಇಳಿಯುತ್ತವೆ. ಅಲ್ಲೇ ಸೋತುಹೋದೆ. ಈ ಮನೆಯಲ್ಲಿ ಬೆಳಿಗ್ಗೆ ಇಟ್ಟ ಲೋಟ ಸಂಜೆಯೂ ಇಟ್ಟಲ್ಲೇ ಇರುತ್ತದೆ. ನಾನು ಮುಟ್ಟದೆ ಅಲ್ಲಾಡುವ ವಸ್ತು ಒಂದಾದರೂ ಇರಲಿ ಅನ್ನಿಸಿತು. ಊಟಕ್ಕೆ ಕೂತಾಗ ಎದುರಿಗೆ ಹಾಕಿಟ್ಟುಕೊಳ್ಳುತ್ತೇನೆ. ಸಾಫ್ಟ್‌ವೇರ್ ಅದರ ಜೊತೆಯಲ್ಲೇ ಬಂತು. ಒಂದು ಗುಂಡಿಯದ್ದೇ. ಆ ವಿಷಯ ಬಿಡು.

ಡಾಕ್ಟರಮ್ಮ ಅಚ್ಚಾದ ಪಟ್ಟಿ ಕೊಟ್ಟಿದ್ದಾಳೆ. ಮಧ್ಯಾಹ್ನ ಎರಡರಿಂದ ನಾಲ್ಕು, ರಸ್ತೆ ತಣ್ಣಗಿರುವ ಹೊತ್ತಿನಲ್ಲಿ ಬೀರುವಿನ ಮುಂದೆ ಕೂತು ಓದುತ್ತೇನೆ. ಒಂದನೆಯದು ‘ಹೌದು’. ಎರಡನೆಯದು ‘ಬೇಡ’. ಏಳನೆಯದು ‘ಯಾರದು?’. ನನ್ನ ಬಾಗಿಲು ತಟ್ಟುವವರು ಯಾರಿದ್ದಾರೆ? ಆದರೂ ಇರಲಿ ಎಂದುಕೊಂಡೆ. ಇಪ್ಪತ್ತು ದಾಟಿದ ಮೇಲೆ ಕಷ್ಟವಾಯಿತು. ‘ಊಟ ಆಯ್ತಾ?’ ‘ಸ್ವಲ್ಪ ಆ ಕಡೆ ಸರಿ.’ ‘ಟಿವಿ ಸಣ್ಣಗೆ ಮಾಡು.’ ‘ಯಾವಾಗ ಬರ್ತೀಯ?’ ಯಾರಿಗೆ ಹೇಳಲಿ ಇವನ್ನೆಲ್ಲ? ಕೆಂಪು ಪೆನ್ನು ತೆಗೆದುಕೊಂಡು, ಹೇಳುವುದಕ್ಕೆ ಜನವಿಲ್ಲದ ವಾಕ್ಯಗಳನ್ನೆಲ್ಲ ಹೊಡೆದುಹಾಕಿದೆ. ನಲವತ್ತೊಂದಾಯಿತು. ಮುನ್ನೂರು ತುಂಬಬೇಕಂತಲ್ಲ, ಅದಕ್ಕೆ ‘ಈ ಲಿಫ್ಟ್ ಕೆಲಸ ಮಾಡ್ತಾ ಇದೆಯಾ?’, ‘ಚೀಲ ಬೇಡ, ನಾನೇ ತಂದಿದೀನಿ’ ಎಂಬಂಥವನ್ನು ಸೇರಿಸಿದೆ. ಅಪರಿಚಿತರಿಗೆ ಹೇಳಲು ನನ್ನ ಹತ್ತಿರ ಬೇಕಾದಷ್ಟು ಮಾತಿದೆ.

ಹಳೆಯ ವಿಷಯ ಬೇಡ ಎಂದು ನಾನೇ ಅಂದಿದ್ದೆ. ಆದರೆ ನೀನು ‘ನಮ್ಮ ಪದ್ಧತಿ’ ಎಂದು ಬರೆದದ್ದನ್ನು ನೋಡಿ ಹೊಟ್ಟೆ ಉರಿಯಿತು. ಹಾಗಾಗಿ ಹೇಳಿಯೇಬಿಡುತ್ತೇನೆ, ಕೇಳು. ನಮ್ಮವರು ತೀರಿಕೊಂಡ ವರ್ಷವೇ ನಾನು ಕೆಲಸ ಬಿಟ್ಟೆ. ಬೀಳ್ಕೊಡುಗೆಯ ಕಾರ್ಯಕ್ರಮ ರೆಕಾರ್ಡ್ ಮಾಡಿದೆವು. ‘ಇಷ್ಟು ವರ್ಷ ನಮ್ಮನೆ ಅಡುಗೆಮನೆಯ ಕಿಟಕಿಯಲ್ಲಿ ರೇಡಿಯೋ ಇಟ್ಟುಕೊಂಡು ದಿನವೂ ಕೇಳುತ್ತಿದ್ದವರು ಒಬ್ಬರಿದ್ದರು. ಇದು ಅವರಿಗೆ’ ಎಂದು ಹೇಳಿ ಸುಮ್ಮನಾದೆ. ಒಂಬತ್ತು ಸೆಕೆಂಡು. ಗಡಿಯಾರ ನೋಡಿಕೊಂಡು, ಬೇಕೆಂದೇ ಬಿಟ್ಟ ಮೌನ ಅದು. ಆಮೇಲೆ ಎಂದಿನ ಹಾಗೆ ಹವಾಮಾನ ಓದಿ ಮುಗಿಸಿದೆ. ಮಾರನೆಯ ದಿನ ಅದೇ ಕಿಟಕಿಯ ಹತ್ತಿರ ಕೂತು ಕೇಳಿದೆ. ‘ಇದು ಅವರಿಗೆ’ ಅಂದದ್ದೇ ತಡ, ‘ಈಗ ಹವಾಮಾನ’ ಎಂದು ಬಂತು. ಒಂಬತ್ತನ್ನೂ ಕತ್ತರಿಸಿ ಅಂಟಿಸಿದ್ದೆ ನೀನು. ಅವರಿಗೆ ಕೊಡಲು ನನ್ನ ಹತ್ತಿರ ಬೇರೇನೂ ಇರಲಿಲ್ಲ ಕಣೇ.

ಬರೆದಾಯಿತು. ಇನ್ನು ಎತ್ತುವುದಿಲ್ಲ.

ಗಂಟಲು


ಮಾರ್ಚ್ 12

ಪ್ರಸಾರದಲ್ಲಿ ನಾಲ್ಕು ಸೆಕೆಂಡು ಸದ್ದು ನಿಂತರೆ ಸಾಕು, ಯಂತ್ರ ತಾನಾಗಿಯೇ ವಾದ್ಯಸಂಗೀತ ಹಾಕುತ್ತಿತ್ತು. ನಿನಗೂ ಗೊತ್ತಿದ್ದ ವಿಷಯ ಅದು. ನಿನ್ನ ಮೌನವನ್ನು ಹಾಗೇ ಬಿಟ್ಟಿದ್ದರೆ ಐದನೆಯ ಸೆಕೆಂಡಿಗೆ ಕೊಳಲು ಊದುತ್ತಿತ್ತು. ಅದು ಚೆನ್ನಾಗಿರುತ್ತಿತ್ತೇ? ಮುಂದಿನ ಮಾತು ಮರೆತಿದ್ದೀಯ ಎಂದುಕೊಂಡೆ, ತೆಗೆದೆ. ನಿಯಮ ಮಾಡಿದವಳು ನಾನಲ್ಲ.

ಇಪ್ಪತ್ತೆಂಟು ವರ್ಷ ನಿನ್ನ ಕೆಮ್ಮು, ನಿನ್ನ ತೊದಲು, ನೀನು ಉಗುಳು ನುಂಗಿದ್ದು, ಎಲ್ಲವನ್ನೂ ತೆಗೆದು ತೆಗೆದು ನಿನ್ನನ್ನು ಊರಿಗೆಲ್ಲ ‘ಗಂಟಲು’ ಮಾಡಿದವಳು ನಾನು. ಆಗ ಒಂದು ದಿನವಾದರೂ ಯಾಕೆ ಕತ್ತರಿಸಿದೆ ಎಂದು ಕೇಳಿದ್ದೀಯಾ?

ಆ ಸಾಫ್ಟ್‌ವೇರ್ ಬದಲಾಯಿಸು.

ಕತ್ತರಿ


ಏಪ್ರಿಲ್ 6

ಕತ್ತರಿ,

ನಿನಗೆ ಬರೆಯಬಾರದೆಂದು ಮೂರು ವಾರ ಹಲ್ಲು ಕಚ್ಚಿಕೊಂಡಿದ್ದೆ. ಈಗ ಬೇರೆ ದಾರಿಯಿಲ್ಲ.

ಮುನ್ನೂರೂ ಓದಿ ಮುಗಿಸಿದೆ. ವಾಕ್ಯ ವಾಕ್ಯವನ್ನೂ ಬೇರೆ ಮಾಡಿ ಕಂಪ್ಯೂಟರಿನಲ್ಲಿ ಸಾಲಾಗಿಟ್ಟೆ. ಮೊನ್ನೆ ಮಾಸ್ಟರಿಂಗಿಗೆ ಕೂತೆ. ಅದರಲ್ಲಿ ‘ಮೌನ ತೆಗೆದುಹಾಕು’ ಎಂಬ ಆಯ್ಕೆಯಿತ್ತು. ನಿನ್ನ ಮೇಲಿನ ಸಿಟ್ಟಿಗೋ ಏನೋ, ತೆಗಿ ಮತ್ತೆ, ನೀನೂ ತೆಗಿ ಎಂದು ಅದಕ್ಕೂ ಗುರುತು ಹಾಕಿ ಆ ಒಂದು ಗುಂಡಿ ಒತ್ತಿದೆ. ಎಂಟೂ ಫೇಡರುಗಳು ಎದ್ದು ಬಿದ್ದು ಕುಣಿದವು. ಐದು ನಿಮಿಷದಲ್ಲಿ ಎಲ್ಲ ಮುಗಿಯಿತು.

ಹಾಕಿ ಕೇಳಿದೆ. ನನ್ನ ದನಿ ಈಗ ಮೊದಲಿನ ಹಾಗಿಲ್ಲ. ಮಾತಿನ ಕೊನೆಯಲ್ಲಿ ಇಳಿದುಹೋಗುತ್ತದೆ, ಬರೀ ಗಾಳಿ ಉಳಿಯುತ್ತದೆ. ಯಂತ್ರ ಅದನ್ನೆಲ್ಲ ಮೌನ ಎಂದು ತಿಳಿದು ತಿಂದುಹಾಕಿದೆ. ‘ಹೌದು’ ಹೋಗಿ ‘ಔ’ ಆಗಿದೆ. ‘ನೀರು ಬೇಕಿತ್ತು’ ಅಂದರೆ ‘ನೀ ಬೇಕಿ’ ಅನ್ನುತ್ತದೆ. ಯಾರನ್ನೋ ಅರ್ಧ ಬಾಯಿಮುಚ್ಚಿ ಮಾತಾಡಿಸಿದ ಹಾಗಿದೆ. ಸಾಲದ್ದಕ್ಕೆ ಮೊದಲಿನದನ್ನು ಅಳಿಸಿ ಅದರ ಜಾಗದಲ್ಲೇ ಇದನ್ನು ಉಳಿಸಿಬಿಟ್ಟಿದೆ. ತಿರುಗಿ ಓದೋಣವೆಂದು ಕೂತೆ. ನಾಲ್ಕನೆಯ ವಾಕ್ಯಕ್ಕೆ ದನಿ ನಿಂತುಹೋಯಿತು. ಇನ್ನು ಮುನ್ನೂರು ಓದಲು ನನ್ನಿಂದ ಸಾಧ್ಯವಿಲ್ಲ.

ಉಳಿದಿರುವುದು ಒಂದೇ. ರೆಕಾರ್ಡರಿನ ಕಾರ್ಡಿನಲ್ಲಿ, ಕೂತಲ್ಲಿಂದ ಏಳುವವರೆಗೆ ಓಡಿದ್ದೆಲ್ಲ ಹಾಗೆಯೇ ಇದೆ. ನಮ್ಮ ಪದ್ಧತಿ. ಇಪ್ಪತ್ತಾರು ಗಂಟೆ ಇದೆ. ಅದನ್ನು ಹತ್ತಿಯಲ್ಲಿ ಸುತ್ತಿ ಇದರ ಜೊತೆ ಕಳಿಸುತ್ತಿದ್ದೇನೆ. ಅದನ್ನು ಇನ್ನೊಬ್ಬರ ಕೈಗೆ ಕೊಡಲು ನನಗೆ ಮನಸ್ಸಾಗಲಿಲ್ಲ. ಇನ್ನೊಬ್ಬರು ಅಂತ ಯಾರೂ ಇಲ್ಲ ಕೂಡ.

ಸಿಟ್ಟು ಹೋಗಿದೆ ಎಂದು ತಿಳಿಯಬೇಡ. ಹೆದರಿಕೆ ಅದಕ್ಕಿಂತ ದೊಡ್ಡದಾಗಿದೆ, ಅಷ್ಟೇ.

ಗಂಟಲು


ಏಪ್ರಿಲ್ 24

ಗಂಟಲೇ,

ಮುಗಿಯಿತು. ಕಾರ್ಡನ್ನು ಇದರೊಳಗೇ ಇಟ್ಟಿದ್ದೇನೆ. ನೇರವಾಗಿ ಡಾಕ್ಟರಮ್ಮನ ಕೈಗೆ ಕೊಡು. ನಿನ್ನ ಕುಣಿಯುವ ಫೇಡರಿನ ಹತ್ತಿರ ಮಾತ್ರ ಒಯ್ಯಬೇಡ.

ನಾನಿರುವುದು ಒಂದು ಇಸ್ತ್ರಿ ಅಂಗಡಿಯ ಮೇಲಿನ ಕೋಣೆಯಲ್ಲಿ. ಕಿಟಕಿ ತೆರೆದರೆ ಬಿಸಿ ಬಟ್ಟೆಯ ವಾಸನೆ. ಕೆಲಸ ಬಿಡುವಾಗ ನಾನೂ ಒಂದು ಚಕ್ರದ ಕಂಟ್ರೋಲರ್ ಕೊಂಡಿದ್ದೆ. ಐದು ವರ್ಷ ಅದನ್ನು ಡಬ್ಬದಿಂದ ತೆಗೆದಿರಲಿಲ್ಲ. ಎಡಿಟ್ ಮಾಡಲು ಇಲ್ಲೇನಿದೆ? ದಿನಕ್ಕೆ ನಾನಾಡುವ ಮಾತು ಹತ್ತೋ ಹನ್ನೆರಡೋ. ನಿನ್ನ ಕಾರ್ಡು ಬಂದ ದಿನ ಅದರ ಪ್ಲಾಸ್ಟಿಕ್ ಹರಿದೆ.

ಆಮೇಲೆ ಎರಡು ವಾರ ಈ ಕೋಣೆಯಲ್ಲಿ ನೀನಿದ್ದೆ. ಕೆಮ್ಮಿದ್ದು, ಕುರ್ಚಿ ಎಳೆದದ್ದು, ‘ಅಯ್ಯೋ ಹಾಳಾಗ್ಲಿ’ ಎಂದು ನಿನ್ನನ್ನೇ ಬೈದುಕೊಂಡದ್ದು, ಎಲ್ಲ ಕೇಳಿದೆ. ಹೊಡೆದುಹಾಕಿದೆ ಎಂದು ಬರೆದಿದ್ದೆಯಲ್ಲ, ಆ ನಲವತ್ತೊಂದು ವಾಕ್ಯ, ಕಳ್ಳಿ, ಅವನ್ನೂ ಓದಿದ್ದೀಯ! ಪಟ್ಟಿ ಮುಗಿದ ದಿನ, ರೆಕಾರ್ಡರ್ ಓಡುತ್ತಿರುವಾಗಲೇ, ಬೀರುವಿನ ಮುಂದೆ ಕೂತು ಒಂದೊಂದಾಗಿ ಹೇಳಿದ್ದೀಯ. ‘ಊಟ ಆಯ್ತಾ?’ ಅಂದಾಗ ‘ಇನ್ನೂ ಇಲ್ಲ ಕಣೇ’ ಎಂದು ನನ್ನ ಬಾಯಿಂದ ಬಂದೇಬಿಟ್ಟಿತು. ಹೆಡ್‌ಫೋನ್ ಹಾಕಿಕೊಂಡಿದ್ದೆನಲ್ಲ, ಜೋರಾಗಿ ಹೇಳಿರಬೇಕು. ಕೆಳಗಿನಿಂದ ಇಸ್ತ್ರಿಯವನು ‘ಏನಕ್ಕಾ, ಕರೆದ್ರಾ?’ ಎಂದು ಕೂಗಿದ.

ಇನ್ನೊಂದು ಮಾತು. ಓದುವಾಗ ತಪ್ಪಿದಲ್ಲೆಲ್ಲ ನೀನು ಏನು ಹೇಳಿದ್ದೀಯ, ನೆನಪಿದೆಯಾ? ‘ಕತ್ತರಿ, ಇದು ಬೇಡ, ತೆಗಿ.’ ಸ್ಟುಡಿಯೋದಲ್ಲಿ ಗಾಜಿನ ಕಡೆ ನೋಡಿ ಹೇಳುತ್ತಿದ್ದೆಯಲ್ಲ, ಹಾಗೇ. ಎದುರಿಗೆ ಗಾಜಿಲ್ಲ, ನಾನಿಲ್ಲ, ನೇತುಹಾಕಿದ ಬಟ್ಟೆಗಳಿವೆ. ಹನ್ನೊಂದು ವರ್ಷ ನನ್ನ ಮುಖ ನೋಡದವಳು ನೂರಾ ಹದಿನಾರು ಸಲ ನನ್ನನ್ನು ಕರೆದಿದ್ದೀಯ. ಎಣಿಸಿದೆ. ಎಣಿಸುತ್ತಾ ಎಣಿಸುತ್ತಾ ಅತ್ತೆ. ನಾಚಿಕೆಯೇನಿಲ್ಲ ಹೇಳಿಕೊಳ್ಳಲು.

ಅದಕ್ಕೇ ಈಗ ನಿಜ ಹೇಳುತ್ತೇನೆ. ಮಾರ್ಚ್‌ನಲ್ಲಿ ಬರೆದದ್ದು ಸುಳ್ಳು. ನೀನು ಮಾತು ಮರೆತಿಲ್ಲ ಎಂದು ನನಗೆ ಗೊತ್ತಿತ್ತು. ಪ್ರಸಾರದ ಕೋಣೆಗೆ ಒಂದು ಫೋನ್ ಮಾಡಿ, ‘ಇಷ್ಟು ಗಂಟೆಗೆ ಹತ್ತು ಸೆಕೆಂಡು ಆ ಯಂತ್ರ ಆಫ್ ಮಾಡಿ’ ಅಂದಿದ್ದರೆ ಮಾಡುತ್ತಿದ್ದರು. ಫೋನು ನನ್ನ ಮೊಣಕೈ ಹತ್ತಿರವೇ ಇತ್ತು. ಮಾಡಲಿಲ್ಲ. ಆ ಒಂಬತ್ತು ಸೆಕೆಂಡನ್ನು ಕೇಳಿಸಿಕೊಂಡು ಕೂರಲು ನನ್ನಿಂದ ಆಗಲಿಲ್ಲ. ನೀನು ಅವರಿಗಾಗಿ ಸುಮ್ಮನಿದ್ದೆ. ನನಗೆ ಅದರಲ್ಲಿ ಕೇಳಿಸಿದ್ದು ನಾಳೆಯಿಂದ ನೀನಿಲ್ಲದ ಸ್ಟುಡಿಯೋ. ಬ್ಲೇಡಿಗಿಂತ ಬೇಗ ಕತ್ತರಿಸಿದೆ. ನಿಯಮ ಅನ್ನುವುದು ಆಮೇಲೆ ಹುಡುಕಿದ ನೆಪ. ತಪ್ಪಾಯಿತು ಕಣೇ. ಕ್ಷಮಿಸು.

ಮುನ್ನೂರರ ಜೊತೆಗೆ ಆ ನಲವತ್ತೊಂದನ್ನೂ ಸೇರಿಸಿದ್ದೇನೆ. ಕೊನೆಗೆ ಒಂದು ಮುನ್ನೂರ ನಲವತ್ತೆರಡನೆಯದಿದೆ. ಅದರಲ್ಲಿ ಮಾತಿಲ್ಲ. ಒಂದು ಮಧ್ಯಾಹ್ನ ನೀರು ಕುಡಿದು ಲೋಟ ಇಟ್ಟು ನೀನು ಸುಮ್ಮನೆ ಕೂತ ಒಂಬತ್ತು ಸೆಕೆಂಡು. ಕುರ್ಚಿ ಒಮ್ಮೆ ಕಿರುಗುಟ್ಟುತ್ತದೆ, ದೂರದಲ್ಲಿ ಬಸ್ಸು ತಿರುಗುತ್ತದೆ, ಉಳಿದದ್ದು ನಿನ್ನ ಉಸಿರು. ಅದರ ಮಟ್ಟವನ್ನು ಕೂಡ ನಾನು ಮುಟ್ಟಿಲ್ಲ.

ಧೈರ್ಯವಾಗಿರು.

ನಿನ್ನ
ಕತ್ತರಿ


ಮೇ 1

ಕತ್ತರಿ,

ಕಾರ್ಡು ಬಂತು. ಡಾಕ್ಟರಮ್ಮನಿಗೆ ಕೊಡುವ ಮೊದಲು ‘ಹೌದು’ ಕೇಳಿದೆ. ಪೂರ್ತಿ ಇದೆ. ಕೊನೆಯದನ್ನು ಕೇಳಲು ಧೈರ್ಯ ಸಾಲಲಿಲ್ಲ.

ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಆಪರೇಷನ್. ಈ ದನಿಯಲ್ಲಿ ಕೊನೆಯದಾಗಿ ಏನಾದರೂ ಒಳ್ಳೆಯ ಮಾತು ಆಡಬೇಕೆಂದು ಬೆಳಗಿನಿಂದ ಬಾಯಿಮುಚ್ಚಿ ಕಾದಿದ್ದೆ. ಸಂಜೆ ನಾಲ್ಕಕ್ಕೆ ಫೋನ್ ಬಂತು. ಅಭ್ಯಾಸಬಲ ನೋಡು, ಎತ್ತಿ ‘ಹಲೋ, ಯಾರದು?’ ಅಂದೆ. ಉತ್ತರವಿಲ್ಲ. ‘ಮಾತಾಡದಿದ್ರೆ ಇಡ್ತೀನಿ ನೋಡಿ’ ಎಂದು ಗದರಿಸಿ ಇಟ್ಟುಬಿಟ್ಟೆ. ಆಮೇಲೆ ದನಿ ಏಳಲೇ ಇಲ್ಲ. ಇಪ್ಪತ್ತೆಂಟು ವರ್ಷ ಓದಿದ ಗಂಟಲಿನ ಕೊನೆಯ ಮಾತು ಅದಾಯಿತು. ಯಾರೋ ಪಾಪ, ಯಾವುದೋ ನಂಬರಿಗೆ ಮಾಡಲು ಹೋಗಿದ್ದರೇನೋ.

ನಿನ್ನ ಕಾಗದಕ್ಕೆ ಉತ್ತರ ಬರೆಯುತ್ತೇನೆ. ಈಗಲ್ಲ.

ಗಂಟಲು


ಮೇ 27

ಗಂಟಲೇ,

ಮೊದಲು ಇದನ್ನು ಹೇಳಿಬಿಡುತ್ತೇನೆ. ಒಂದನೆಯ ತಾರೀಕು ಫೋನ್ ಮಾಡಿ ಬಾಯಿಬಿಡದವಳು ನಾನೇ. ನಿನ್ನ ದನಿ ಒಂದು ಸಲ ನೇರವಾಗಿ ಕೇಳಬೇಕಿತ್ತು. ಏನಾದರೂ ಹೇಳಿದರೆ ನೀನು ಉತ್ತರ ಹೇಳಿ ದನಿ ದಣಿಸಿಕೊಳ್ಳುತ್ತೀಯ ಎಂದು ಸುಮ್ಮನಿದ್ದೆ. ಚೆನ್ನಾಗಿ ಗದರಿಸಿದೆ. ಪೂರ್ತಿ ಕೇಳಿಸಿಕೊಂಡೆ.

ಮೂರು ವಾರ ನಿನ್ನ ಕಾಗದವಿಲ್ಲ. ಆಸ್ಪತ್ರೆಗೆ ಫೋನ್ ಮಾಡಿದರೆ ‘ಚೆನ್ನಾಗಿದಾರೆ’ ಅಂದರು, ಇನ್ನೊಮ್ಮೆ ಮಾಡಿದರೆ ‘ಮನೆಗೆ ಹೋದ್ರು’ ಅಂದರು. ನಿನ್ನೆ ಮಧ್ಯಾಹ್ನ ನನ್ನ ಫೋನು ಬಡಿದುಕೊಂಡಿತು. ಎತ್ತಿದೆ. ‘ಹಲೋ’ ಅಂದೆ ನೀನು.

ಆ ‘ಹಲೋ’ ನನಗೆ ಗೊತ್ತು. ಕೊನೆಯ ಉಸಿರನ್ನು ಬಿಡಲೋ ತೆಗೆಯಲೋ ಎಂದು ಚಕ್ರ ಹಿಡಿದು ಅರ್ಧ ಗಂಟೆ ಕೂತಿದ್ದೆ, ಬಿಟ್ಟಿದ್ದೆ. ಆಮೇಲೆ ‘ನಾನು’. ಆಮೇಲೆ ‘ಚೆನ್ನಾಗಿದೀನಿ’. ‘ಊಟ ಆಯ್ತಾ?’ ಅಂದಾಗ ‘ಆಯ್ತು ಕಣೇ, ಆಯ್ತು’ ಅಂದೆ. ಅದಾದ ಮೇಲೆ ‘ಈ ಲಿಫ್ಟ್ ಕೆಲಸ ಮಾಡ್ತಾ ಇದೆಯಾ?’ ಎಂದು ಬಂತು. ತಪ್ಪಾಗಿ ಒತ್ತಿದ್ದೀಯ ಎಂದು ಗೊತ್ತಾಗಿ ಇಬ್ಬರಿಗೂ ನಗು. ನಿನ್ನ ನಗು ಬರೀ ಗಾಳಿಯಾಗಿ ಬಂತು. ಆದರೂ ನಿನ್ನದೇ.

ಆಮೇಲೆ ಕುರ್ಚಿ ಕಿರುಗುಟ್ಟಿತು. ದೂರದಲ್ಲಿ ಬಸ್ಸು ತಿರುಗಿತು. ಮುನ್ನೂರ ನಲವತ್ತೆರಡು. ಫೋನನ್ನು ಎರಡು ಕೈಯಲ್ಲೂ ಹಿಡಿದುಕೊಂಡು ನಿಂತೆ. ಐದು ದಾಟಿತು, ಆರು ದಾಟಿತು. ನಡುವೆ ಬಾಯಿ ಹಾಕಬೇಕು, ಏನಾದರೂ ಅನ್ನಬೇಕು ಎಂದು ನಾಲಿಗೆ ತುದಿಗೆ ಬಂದಿತ್ತು. ಅನ್ನಲಿಲ್ಲ ಕಣೇ. ಒಂಬತ್ತೂ ಕೇಳಿದೆ.

ಅದು ಮುಗಿದ ಕೂಡಲೇ ನೀನು ಒತ್ತಿದ್ದು, ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದ್ದ ವಾಕ್ಯ. ‘ಯಾವಾಗ ಬರ್ತೀಯ?’

ಉತ್ತರ ಹೇಳಲು ಹೋದರೆ ನನಗೆ ಮಾತೇ ಹೊರಡಲಿಲ್ಲ. ಧ್ವನಿಪೆಟ್ಟಿಗೆ ಇರುವವಳು ನಾನು, ನೋಡು! ನೀನು ಕಾದೆ. ಮತ್ತೆ ಒತ್ತಿದೆ. ‘ಯಾವಾಗ ಬರ್ತೀಯ?’ ಅದೇ ದನಿ, ಅದೇ ಉಸಿರು, ಕೂದಲೆಳೆಯಷ್ಟೂ ಬದಲಾಗಿಲ್ಲ. ಅಳು ಬಂದು ಫೋನ್ ಇಟ್ಟುಬಿಟ್ಟೆ. ಅದಕ್ಕೇ ಇದನ್ನು ಬರೆಯುತ್ತಿರುವುದು.

ಬರುವ ಗುರುವಾರ ಬೆಳಗಿನ ರೈಲು ಹಿಡಿಯುತ್ತೇನೆ. ನಾಲ್ಕು ಗಂಟೆಯ ಹೊತ್ತಿಗೆ ನಿನ್ನ ಬಾಗಿಲು ತಟ್ಟುತ್ತೇನೆ. ನಾನೆಂದು ಗೊತ್ತಿದ್ದರೂ ಓಡಿಬಂದು ತೆಗೆಯಬೇಡ. ಏಳನೆಯದನ್ನು ಒತ್ತು. ‘ಯಾರದು?’ ಅನ್ನಲಿ. ಹೊರಗೆ ನಿಂತು ನಾನು ಉತ್ತರ ಹೇಳಬೇಕು.

ನಿನ್ನ
ಕತ್ತರಿ